ಎಮ್ಮೆ ತೇಲಿಹೋದದ್ದನ್ನು ನಾನು ನೋಡಿರಲಿಲ್ಲ: ನೆನಪು, ಆಘಾತ ಮತ್ತು ನಮ್ಮ ಕಥೆಯನ್ನು ನಾವೇ ಬರೆಯುವ ಬಗೆ

2009ರ ನೆರೆಯಲ್ಲಿ ನಮ್ಮ ಮನೆಯ ಎಮ್ಮೆ ತೇಲಿಹೋದದ್ದನ್ನು ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಣ್ಣಾರೆ ಕಂಡವನಂತೆ ಹೇಳುತ್ತಾ ಬಂದಿದ್ದೆ. ಮಾಳಿಗೆಯ ಮೇಲೆ ನಿಂತಿದ್ದೇನೆ, ಕಾಲ ಬಳಿ ಬೆಳಕಿಂಡಿ, ಕೆಳಗೆ ಓಣಿಯ ತುಂಬ ಮಲಪ್ರಭೆಯ ರಾಡಿ ನೀರು, ಕೆಂಚಿ ಕತ್ತು ಮೇಲೆತ್ತಿಕೊಂಡು ಹನುಮಪ್ಪನ ಗುಡಿಯ ಕಡೆಗೆ ತೇಲುತ್ತಾ ಹೋಗುತ್ತಿದೆ. ಅದರ ಮೂಗಿನ ಹೊಳ್ಳೆ ಅರಳಿದ್ದು ಸಹ ನನಗೆ ಕಾಣುತ್ತಿತ್ತು. ಮಕ್ಕಳಿಗೆ ಹೇಳಿದ್ದೇನೆ, ಬೀಗರಿಗೆ ಹೇಳಿದ್ದೇನೆ, ಒಂದು ಸ್ಮರಣ ಸಂಚಿಕೆಗೆ ಬರೆದೂ ಕೊಟ್ಟಿದ್ದೇನೆ.

ನಾನು ಕೆಲಸ ಮಾಡುತ್ತಿದ್ದ ಬೆಟಗೇರಿಯ ಮುದ್ರಣಾಲಯ ಬಾಗಿಲು ಮುಚ್ಚಿದಾಗ ಹಳೆಯ ಕರಡಚ್ಚಿನ ಕಟ್ಟುಗಳನ್ನು ರದ್ದಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಕಟ್ಟಿನ ಮೇಲಿನ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿತ್ತು: ‘ಕೊನೆಯ ಪ್ರೂಫ್ ನೋಡಿದೆ, 1-10-2009, ಸಂಜೆ 7.’ ರೋಣ ತಾಲ್ಲೂಕಿನ ನಮ್ಮೂರಿಗೆ ನೀರು ನುಗ್ಗಿದ್ದು ಅದೇ ಸಂಜೆ. ಊರು ಬೆಟಗೇರಿಯಿಂದ ಐವತ್ತರ ಸುಮಾರು ಕಿಲೋಮೀಟರ್ ದೂರ. ಮಾಳಿಗೆಯ ಮೇಲೆ ಯಾರು ನಿಂತಿದ್ದರೋ, ನಾನಂತೂ ಅಲ್ಲ.

ಇಪ್ಪತ್ತೆರಡು ವರ್ಷ ಪ್ರೂಫ್ ತಿದ್ದಿದವನು ನಾನು. ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ನಿವೃತ್ತ ಮಾಸ್ತರರ ಆತ್ಮಕಥೆ ಎಂದು ಬೇರೆಯವರ ಬದುಕನ್ನು ಅಲ್ಪಪ್ರಾಣ ಮಹಾಪ್ರಾಣದ ಮಟ್ಟದಲ್ಲಿ ಓದಿದ್ದೇನೆ. ಈಗ ಕೆಲವರು ನೋಟ್‌ಬುಕ್ ಹಿಡಿದು ಮನೆಗೇ ಬರುತ್ತಾರೆ: ‘ಅಣ್ಣಾವ್ರೇ, ಇದನ್ನು ಕಥೆಯ ಹಾಗೆ ಮಾಡಿಕೊಡಿ.’ ಅವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಾನು ವೈದ್ಯನಲ್ಲ, ಮನೋವಿಜ್ಞಾನದಲ್ಲಿ ಪದವಿಯೂ ಇಲ್ಲ. ಎಮ್ಮೆಯ ವಿಷಯದಲ್ಲಿ ಪೆಟ್ಟು ತಿಂದ ಮೇಲೆ ಆ ಶಾಸ್ತ್ರ ಏನು ಹೇಳುತ್ತದೆ ಎಂದು ಹಟ ಹಿಡಿದು ಓದಿದವನು, ಅಷ್ಟೇ.

ಹಂತ 1: ಎಲ್ಲಿಂದ ಆರಂಭಿಸಬಾರದು

ಹೆಚ್ಚಿನವರು ಬದುಕಿನ ಅತ್ಯಂತ ಕೆಟ್ಟ ದಿನದಿಂದಲೇ ಆರಂಭಿಸುತ್ತಾರೆ. ಮಾಡಬೇಡಿ. ನೆನೆದರೆ ಮನಸ್ಸು ಭಾರವಾಗುವ, ಆದರೆ ನೆನೆದ ಮೇಲೂ ಎದ್ದು ಚಹಾ ಮಾಡಿಕೊಳ್ಳಲು ಆಗುವ ಒಂದು ಘಟನೆಯನ್ನು ಆರಿಸಿಕೊಳ್ಳಿ. ಶಾಲೆ ಬಿಟ್ಟದ್ದು, ಹೊಲ ಮಾರಿದ್ದು, ಅಣ್ಣತಮ್ಮಂದಿರು ಬೇರೆಯಾದದ್ದು.

ಬರೆಯುವುದರಿಂದ ಮನಸ್ಸು ಹಗುರಾಗುತ್ತದೆ ಎಂಬ ಮಾತಿಗೆ ಆಧಾರವಿದೆ, ಮಿತಿಯೂ ಇದೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ನೋವಿನ ಬಗ್ಗೆ ಬರೆಯಲು ಹೇಳಿದರು. ನಡೆದದ್ದನ್ನೂ ಅದರ ಸಂಕಟವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿನಲ್ಲಿ ಅವರ ಮನಸ್ಸು ಹಗುರಾಗಲಿಲ್ಲ, ಕೆಟ್ಟಿತು. ನಂತರದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಲಾಭ ಇದೆ, ದೊಡ್ಡದಲ್ಲ, ಎಲ್ಲರಿಗೂ ಅಲ್ಲ. ಆದ್ದರಿಂದ ಗಡಿಯಾರ ಇಟ್ಟುಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷ, ಅದರಾಚೆ ಬೇಡ. ಮಲಗುವ ಮುನ್ನ ಬೇಡ. ಮನೆಯಲ್ಲಿ ಒಬ್ಬರಾದರೂ ಇರುವ ಹೊತ್ತಿನಲ್ಲಿ ಕುಳಿತುಕೊಳ್ಳಿ.

ಬರೆದ ಮೇಲೆ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಆ ದೃಶ್ಯ ಕರೆಯದೆಯೇ ಮತ್ತೆ ಮತ್ತೆ ಕಣ್ಣ ಮುಂದೆ ಬಂದರೆ, ಬದುಕುವುದೇ ಬೇಡ ಎನ್ನಿಸಿದರೆ ನೋಟ್‌ಬುಕ್ ಮುಚ್ಚಿ. ಅದು ನನ್ನಂಥವನ ಕೆಲಸವಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹೊರಡುವಷ್ಟೂ ತ್ರಾಣವಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕಡೆ ‘ಅವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗುವ ಚಾಳಿ ಇದೆಯಲ್ಲ, ಆ ನಗೆಗೆ ಹೆದರಿ ಎಷ್ಟು ಜನ ಆ ಬಸ್ ಹತ್ತಲಿಲ್ಲವೋ.

ಇನ್ನೊಂದು ಮಾತು. ಘಟನೆ ನಡೆದು ಕೆಲವೇ ದಿನವಾಗಿದ್ದರೆ ಬರೆಸಲು ಹೋಗಬೇಡಿ, ಬೇರೆಯವರಿಂದ ಹೇಳಿಸಲೂ ಹೋಗಬೇಡಿ. ಅನಾಹುತವಾದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಸಿಬಿಟ್ಟರೆ ಗಾಯ ಮಾಯುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ಇತ್ತು. ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ.

ಹಂತ 2: ಯಾರನ್ನೂ ಕೇಳದೆ ಮೊದಲ ಕರಡು

ಘಟನೆ ಆರಿಸಿದ ಕೂಡಲೇ ಅಕ್ಕನಿಗೋ ಕಾಕಾನಿಗೋ ಫೋನ್ ಮಾಡುವ ಆಸೆ ಬರುತ್ತದೆ. ತಡೆಯಿರಿ. ಅವರ ಮಾತು ಕಿವಿಗೆ ಬಿದ್ದ ಮೇಲೆ ನಿಮ್ಮದು ಯಾವುದು ಅವರದು ಯಾವುದು ಎಂದು ಬೇರ್ಪಡಿಸಲು ನಿಮ್ಮಿಂದ ಆಗುವುದಿಲ್ಲ.

ನೆನಪು ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆಯಲ್ಲ, ತೆಗೆದಾಗ ಮಡಿಕೆ ಸಹಿತ ಹಾಗೆಯೇ ಸಿಗುವುದಕ್ಕೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿಯೇ ಇದನ್ನು ತೋರಿಸಿದ್ದ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ಬಿಟ್ಟು ಬಿಟ್ಟು ಮತ್ತೆ ಹೇಳಿಸಿದ. ಪ್ರತಿ ಸಲವೂ ಕಥೆ ಮೊಟಕಾಯಿತು, ವಿಚಿತ್ರ ಎನಿಸಿದ್ದು ಉದುರಿತು, ಪರಿಚಯವಿಲ್ಲದ್ದರ ಜಾಗದಲ್ಲಿ ಪರಿಚಯದ್ದು ಬಂದು ಕುಳಿತಿತು. ನಾವು ನೆನೆಯುವಾಗಲೆಲ್ಲ ಹೊಸದಾಗಿ ಅಚ್ಚುಮೊಳೆ ಜೋಡಿಸುತ್ತೇವೆ, ಕಾಣೆಯಾದ ಮೊಳೆಯ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕುತ್ತೇವೆ. 2000ದಲ್ಲಿ ಕರೀಂ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಗಟ್ಟಿಯಾಗಿ ಕೂತಿದ್ದ ಭಯದ ನೆನಪು ಸಹ ಕೆದಕಿದಾಗ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗುವ ಮುನ್ನ ಬದಲಾಗಬಲ್ಲದು.

ಆದ್ದರಿಂದ ಮೊದಲ ಕರಡು ಒಂದೇ ಸಲ ಸಿಗುವ ಸರಕು. ಹಾಳೆಯ ಮೇಲೆ ದಿನಾಂಕ ಹಾಕಿ, ನೆನಪಿಗೆ ಬಂದಂತೆ ಬರೆಯಿರಿ. ಚೆಂದ ಮಾಡಬೇಡಿ, ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಮರುದಿನ ಮೂರು ಬಣ್ಣದ ಪೆನ್ನು ಹಿಡಿದು ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆಯಿರಿ: ಕಂಡದ್ದಕ್ಕೆ ನೀಲಿ, ಕೇಳಿದ್ದಕ್ಕೆ ಕೆಂಪು, ‘ಹಾಗೇ ಇದ್ದಿರಬೇಕು’ ಎಂದು ತುಂಬಿದ್ದಕ್ಕೆ ಹಸಿರು. ನಿಧಾನವಾಗಿ ಮಾಡಿ. ‘ಅಂದು ಅಪ್ಪ ಸಿಟ್ಟಿನಲ್ಲಿದ್ದ’ ಎಂಬ ವಾಕ್ಯ ಕಂಡದ್ದೋ ತುಂಬಿದ್ದೋ? ಬಾಗಿಲು ಧಡ್ ಎಂದದ್ದು ಕಂಡಿದ್ದರೆ ಅದನ್ನು ಬರೆಯಿರಿ, ಸಿಟ್ಟಿಗೆ ಹಸಿರು ಎಳೆಯಿರಿ.

ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ ಎಂಬುದು ಪುರಾವೆಯಲ್ಲ. ಚಾಲೆಂಜರ್ ಬಾಹ್ಯಾಕಾಶ ನೌಕೆ 1986ರ ಜನವರಿ 28ರಂದು ಸಿಡಿದ ಮರುದಿನವೇ ಅಮೆರಿಕದ ಮನೋವಿಜ್ಞಾನಿ ಉಲ್ರಿಕ್ ನೈಸರ್ ತನ್ನ ವಿದ್ಯಾರ್ಥಿಗಳಿಂದ ‘ಸುದ್ದಿ ಎಲ್ಲಿ, ಯಾರಿಂದ ತಿಳಿಯಿತು’ ಎಂದು ಬರೆಸಿಕೊಂಡ. ಎರಡೂವರೆ ವರ್ಷದ ಬಳಿಕ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ 11 ಮಂದಿಯ ಉತ್ತರದಲ್ಲಿ ಒಂದು ವಿವರವೂ ಸರಿಯಿರಲಿಲ್ಲ. ಆದರೂ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ. ಅವರದೇ ಕೈಬರಹವನ್ನು ಮುಂದಿಟ್ಟರೂ ಹಳೆಯ ನೆನಪು ಮರಳಿ ಬರಲಿಲ್ಲ. ಕೆಂಪು ಶಾಯಿಯ ಆ ಹಾಳೆ ಹಿಡಿದು ಕುಳಿತಾಗ ನನಗೂ ಪ್ರೆಸ್ಸಿನ ಆ ಸಂಜೆ ನೆನಪಾಗಲಿಲ್ಲ. ಎಮ್ಮೆಯೇ ಕಂಡಿತು.

ಹಂತ 3: ಇಸವಿ ಕೇಳಬೇಡಿ, ಹಬ್ಬ ಕೇಳಿ

ನನಗೆ ಅತ್ಯಂತ ಇಷ್ಟವಾದ ಹಂತ ಇದು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಇಸವಿಯ ವಿಷಯದಲ್ಲಿ ಮನಸ್ಸು ಬಹಳ ಸೋಮಾರಿ. ಹಳೆಯದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಎರಡು ಘಟನೆಯನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ‘ಯಾವ ವರ್ಷ?’ ಎಂದು ಕೇಳಿದರೆ ನಮ್ಮ ಹಿರಿಯರು ಅಂದಾಜಿಗೆ ಏನೋ ಒಂದು ಹೇಳುತ್ತಾರೆ. ‘ಆಗ ಹೊಲದಲ್ಲಿ ಏನಿತ್ತು?’ ಎಂದು ಕೇಳಿ, ತಪ್ಪು ಹೇಳುವುದು ಅಪರೂಪ. ಹೆಸರು ಬಿಡಿಸುತ್ತಿದ್ದರೋ, ಜೋಳ ಬಿತ್ತುತ್ತಿದ್ದರೋ, ಹತ್ತಿ ಒಡೆದಿತ್ತೋ. ಮಿರಗ ಮಳೆಯ ಮುಂಚೆಯೋ, ಕಾರ ಹುಣ್ಣಿಮೆಯ ನಂತರವೋ, ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಹೋದಾಗಲೋ. ಅದರ ನಂತರ ಪಂಚಾಂಗ, ಹಳೆಯ ಲಗ್ನಪತ್ರಿಕೆ, ಆಹೇರಿ ಪಟ್ಟಿ, ಹೊಲದ ಉತಾರ, ದಲಾಲಿ ಅಂಗಡಿಯ ಲೆಕ್ಕಪಟ್ಟಿ, ಶಾಲೆಯ ದಾಖಲಾತಿ ಹಿಡಿದು ಇಸವಿ ಗೊತ್ತು ಮಾಡಬಹುದು.

ನನ್ನ ಎಮ್ಮೆಯ ಗಂಟು ಬಿಡಿಸಿದ್ದು ಜೋಕಾಲಿ. ಮಾಳಿಗೆಯ ಮೇಲಿನ ಆ ಚಿತ್ರವನ್ನು ಬರೆಯುತ್ತಾ ಹೋದಂತೆ ಒಂದು ವಿವರ ತಾನಾಗಿ ಬಂತು: ಎದುರು ಮನೆಯ ಬೇವಿನ ಟೊಂಗೆಗೆ ಕಟ್ಟಿದ್ದ ಜೋಕಾಲಿಯ ಹಗ್ಗ ನೀರಿನ ಸೆಳೆತಕ್ಕೆ ಅಡ್ಡಡ್ಡ ಎಳೆದಾಡುತ್ತಿತ್ತು. ಜೋಕಾಲಿ ಎಂದರೆ ನಾಗರ ಪಂಚಮಿ. 2009ರ ನೆರೆ ಬಂದದ್ದು ಬನ್ನಿ ಮುಡಿದ ಮೇಲೆ. ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಇತ್ತು, ನೀರು ಏರಿದ್ದು ಮರುವಾರದೊಳಗೆ, ಸೀಗಿ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಆ ಹೊತ್ತಿಗೆ ಬೇವಿನ ಮರದಲ್ಲಿ ಜೋಕಾಲಿ ಯಾಕಿರುತ್ತದೆ? 2019ರಲ್ಲಿ ಮಾತ್ರ ಪಂಚಮಿ ಆಗಸ್ಟ್ 5ಕ್ಕೆ ಇತ್ತು, ಮಲಪ್ರಭೆ ಉಕ್ಕಿದ್ದು ಅದರ ಬೆನ್ನಿಗೆ. ಆ ಸಲ ನಾನು ಊರಿನಲ್ಲಿದ್ದೆ, ಮಾಳಿಗೆಯ ಮೇಲೆ ನಿಂತಿದ್ದೆ, ನೀರು ನೋಡಿದ್ದೆ. ಹತ್ತು ವರ್ಷ ಈಚಿನ ನೀರಿನಲ್ಲಿ ಹತ್ತು ವರ್ಷ ಹಿಂದಿನ ಎಮ್ಮೆಯನ್ನು ನನ್ನ ತಲೆ ತೇಲಿಬಿಟ್ಟಿತ್ತು. ಅದಕ್ಕೂ ಮೊದಲು ನಾನು ಆ ಕಥೆಯನ್ನು ಕೇಳಿದವನಾಗಿ ಹೇಳುತ್ತಿದ್ದೆನೋ ಕಂಡವನಾಗಿಯೋ? ಕಂಡವನಾಗಿಯೇ ಹೇಳುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ. ಅನ್ನಿಸುವುದಕ್ಕೆ ಏನು ಬೆಲೆ ಎಂಬುದು ಈಗ ನಿಮಗೂ ಗೊತ್ತು.

ಕಾಲಕ್ಕೆ ಹೊಂದದ ವಸ್ತುವನ್ನು ಹುಡುಕುವುದು ಒಳ್ಳೆಯ ಉಪಾಯ. ಒಬ್ಬ ಹಿರಿಯರು 1985ರಲ್ಲಿ ‘ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ’ ತಮಗಾದ ಅವಮಾನವನ್ನು ಬರೆದಿದ್ದರು. ಹಾವೇರಿ, ಗದಗ ಎರಡೂ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದದ್ದು 1997ರಲ್ಲಿ. ಒಂದೋ ಘಟನೆ ಧಾರವಾಡದ್ದು, ಇಲ್ಲವೇ ಇಸವಿ ಬೇರೆ. ಹುಬ್ಬಳ್ಳಿ-ಧಾರವಾಡದ ನಡುವಿನ ನೆನಪಿನಲ್ಲಿ ತ್ವರಿತ ಸಾರಿಗೆಯ ಚಿಗರಿ ಬಸ್ ಬಂದರೆ ಅದು 2018ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಸಂತ್ರಸ್ತರಿಗಾಗಿ ಕಟ್ಟಿದ ಆಸರೆ ಮನೆ ಬಂದರೆ 2009ರ ನೆರೆಯ ಈಚಿನದು. ನರಗುಂದ-ನವಲಗುಂದ ಭಾಗದವರಿಗೆ 1980ರ ಜುಲೈ 21 ಒಂದು ಗೂಟ, ರೈತ ಬಂಡಾಯದ ಆ ದಿನಕ್ಕಿಂತ ಮುಂಚೆಯೋ ನಂತರವೋ ಎಂದು ಕೇಳಿದರೆ ಮದುವೆ ಸಾವುಗಳನ್ನೂ ಸಾಲಾಗಿ ಹೇಳುತ್ತಾರೆ. ಹಾವೇರಿ ಕಡೆಗೆ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ನಡೆದ ಗೋಲಿಬಾರ್ ಅಂಥದೇ ಗೂಟ.

ಅಂದ ಹಾಗೆ ಆ ಹಿರಿಯರು ‘ಹಾಗಾದರೆ ನಾನು ಸುಳ್ಳು ಬರೆದಿದ್ದೇನೆಯೇ?’ ಎಂದು ಮುನಿಸಿಕೊಂಡರು. ಅವಮಾನ ಆದದ್ದು ನಿಜ, ಫಲಕ ಮಾತ್ರ ಬೇರೆ ಎಂದೆ. ಒಪ್ಪಲು ಎರಡು ತಿಂಗಳು ಬೇಕಾಯಿತು.

ಹಂತ 4: ಮನೆಯವರನ್ನು ಕೇಳುವ ಬಗೆ

ಒಬ್ಬೊಬ್ಬರನ್ನೇ ಕೇಳಿ. ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದರೆ ಯಾರ ದನಿ ದೊಡ್ಡದೋ ಅವರ ನೆನಪು ಎಲ್ಲರದೂ ಆಗುತ್ತದೆ. ನಮ್ಮಲ್ಲಿ ಅದು ಬಹುಪಾಲು ದೊಡ್ಡಪ್ಪನ ದನಿ.

ಪ್ರಶ್ನೆಯೊಳಗೆ ಉತ್ತರ ಇಡಬೇಡಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದೂ ಕೆಲವರಿಗೆ ‘ಗುದ್ದಿದಾಗ’ ಎಷ್ಟಿತ್ತು ಎಂದೂ ಕೇಳಿದರು. ಒಂದು ವಾರದ ನಂತರ ‘ಒಡೆದ ಗಾಜು ಕಂಡಿರಾ?’ ಎಂಬ ಪ್ರಶ್ನೆಗೆ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ, ಎರಡನೆಯ ಗುಂಪಿನ 50ರಲ್ಲಿ 7 ಮಂದಿ ಹೌದು ಎಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಗಾಜು ಒಡೆಯಿತು. 1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಇನ್ನೂ ಮುಂದೆ ಹೋಗಿ, ‘ಚಿಕ್ಕವರಿದ್ದಾಗ ನೀವು ಅಂಗಡಿಗಳ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ’ ಎಂಬ ನಡೆಯದ ಕಥೆಯನ್ನು ಮನೆಯವರ ಹೆಸರಿನಲ್ಲಿ ಹೇಳಿದಾಗ 24 ಜನರಲ್ಲಿ ಕಾಲು ಭಾಗದಷ್ಟು ಮಂದಿಗೆ ಅದು ಪೂರ್ತಿಯೋ ಅರೆಬರೆಯೋ ‘ನೆನಪಾಯಿತು’.

‘ಅವ್ವಾ, ಎಮ್ಮೆ ತೇಲಿಹೋಗುವಾಗ ನೀನು ಎಲ್ಲಿದ್ದೆ?’ ಎಂದು ನಾನು ಕೇಳಿದ್ದರೆ ತೇಲಿದ್ದು ಆಗಲೇ ತೀರ್ಮಾನವಾಗಿಬಿಡುತ್ತಿತ್ತು. ‘ಆ ಸಂಜೆ ಏನೇನಾಯಿತು, ಹೇಳು’ ಎಂದು ಕೇಳಬೇಕು, ನಂತರ ಸುಮ್ಮನಿರಬೇಕು. ಹತ್ತು ಸೆಕೆಂಡಿನ ಮೌನವನ್ನು ತಡೆದುಕೊಳ್ಳಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮಾತು ನಿಂತಾಗ ಜಾಗಕ್ಕೆ ಕರೆದೊಯ್ಯಿರಿ: ಒಲೆ ಯಾವ ಕಡೆ ಇತ್ತು, ದೀಪ ಇತ್ತೇ, ಏನು ವಾಸನೆ, ಯಾರ ದನಿ ಕೇಳುತ್ತಿತ್ತು. 1980ರ ದಶಕದಲ್ಲಿ ಗೈಸಲ್ಮನ್ ಮತ್ತು ಫಿಷರ್ ಎಂಬ ಇಬ್ಬರು ಸಾಕ್ಷಿಗಳ ವಿಚಾರಣೆಗಾಗಿ ಕಟ್ಟಿದ ಪದ್ಧತಿಯ ತಿರುಳೂ ಇದೇ. ಜಾಗವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಸುವುದು, ಬಾಯಿ ಹಾಕದಿರುವುದು.

ನನ್ನ ತಂಗಿಯನ್ನು ಹೀಗೆ ಕೇಳಿದೆ. ಅವಳು ತುಸು ಹೊತ್ತು ನನ್ನ ಮುಖ ನೋಡಿದಳು.

‘ಅಣ್ಣಾ, ಎಮ್ಮೆ ಎಲ್ಲಿಯೂ ತೇಲಿಹೋಗಲಿಲ್ಲ. ನೀರು ಇಳಿದ ಮೇಲೆ ಗೋದಲಿಯ ಹತ್ತಿರವೇ ಸಿಕ್ಕಿತು. ನಿನಗೆ ಗೊತ್ತಿರಲಿಲ್ಲವೇ?’

ಹಂತ 5: ಆಘಾತದ ನೆನಪನ್ನು ಸಾಮಾನ್ಯ ನೆನಪಿನ ಹಾಗೆ ಓದಬೇಡಿ

ಇಲ್ಲಿ ನಿಧಾನ. ಮೇಲಿನ ಹಂತಗಳನ್ನು ಕಲಿತವರು ಪೊಲೀಸರಾಗಿಬಿಡುವ ಅಪಾಯವಿದೆ.

ಪ್ರಾಣಭಯದ ಹೊತ್ತಿನಲ್ಲಿ ಮಿದುಳಿನ ಅಮಿಗ್ಡಲ ಎಂಬ ಭಾಗ ಎಚ್ಚೆತ್ತು, ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಗಮನ ಒಂದೇ ಕಡೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡದ್ದು ಕೆತ್ತಿದಂತೆ ಉಳಿಯುತ್ತದೆ, ಅಕ್ಕಪಕ್ಕದ್ದು ಮಸುಕು. ಮೊದಲು ಯಾವುದು ನಂತರ ಯಾವುದು, ಎಷ್ಟು ಹೊತ್ತು ಎಂಬುದು ಕಲಸಿಹೋಗುತ್ತದೆ. ಅದಕ್ಕೇ ಚೂರಿ ಹಿಡಿದವನನ್ನು ಕಂಡವರಿಗೆ ಚೂರಿ ನೆನಪಿರುತ್ತದೆ, ಮುಖ ಇರುವುದಿಲ್ಲ. ಅದಕ್ಕೇ ಇಂಥ ನೆನಪುಗಳು ಕಥೆಯಾಗಿ ಬರುವುದಿಲ್ಲ, ಒಂದು ಸದ್ದಾಗಿಯೋ ವಾಸನೆಯಾಗಿಯೋ ಬರುತ್ತವೆ. ನೆರೆ ಹೊಕ್ಕ ಊರುಗಳಲ್ಲಿ ಹಸಿಗೋಡೆಯ ವಾಸನೆಗೆ ಇಂದಿಗೂ ಎದ್ದು ಹೊರಗೆ ಬರುವವರಿದ್ದಾರೆ.

ಇನ್ನೊಂದು ಕಡೆ, ಆಘಾತದ ನೆನಪು ಬದಲಾಗುವುದೇ ಇಲ್ಲ ಎಂದೂ ಅಲ್ಲ. 1991ರ ಕೊಲ್ಲಿ ಯುದ್ಧದಿಂದ ಮರಳಿದ 59 ಅಮೆರಿಕನ್ ಸೈನಿಕರನ್ನು ಒಂದು ತಿಂಗಳಿಗೆ ಒಮ್ಮೆ, ಎರಡು ವರ್ಷಕ್ಕೆ ಮತ್ತೊಮ್ಮೆ ಅವೇ ಪ್ರಶ್ನೆಗಳನ್ನು ಕೇಳಿದಾಗ ನೂರಕ್ಕೆ 88 ಮಂದಿ ಒಂದಾದರೂ ಉತ್ತರವನ್ನು ಬದಲಿಸಿದ್ದರು. ಯಾರ ಸಂಕಟ ಹೆಚ್ಚಿತ್ತೋ ಅವರ ನೆನಪಿನಲ್ಲಿ ಕಾಲಕ್ರಮೇಣ ಅಪಾಯವೂ ಹೆಚ್ಚಾಗಿತ್ತು. ಇಂದಿನ ನೋವು ಅಂದಿನ ಚಿತ್ರಕ್ಕೆ ಬಣ್ಣ ಹಚ್ಚುತ್ತದೆ.

ಓದುವಾಗ ಮೂರು ಗುರುತುಗಳನ್ನು ನೋಡಿಕೊಳ್ಳಿ. ಒಂದು, ‘ಯಾವಾಗಲೂ’, ‘ಎಂದೂ’, ‘ಪ್ರತಿ ಸಲ’. ‘ನನ್ನನ್ನು ಯಾರೂ ಎಂದೂ ವಿಚಾರಿಸಲಿಲ್ಲ.’ ಖಿನ್ನತೆ, ಆಘಾತ ಅನುಭವಿಸಿದವರು ಒಂದು ನಿರ್ದಿಷ್ಟ ದಿನಕ್ಕೆ ಇಳಿಯಲಾರದೆ ಇಂಥ ಮಾತುಗಳಲ್ಲೇ ನಿಲ್ಲುವುದನ್ನು 1986ರಿಂದ ಸಂಶೋಧಕರು ಗುರುತಿಸುತ್ತಾ ಬಂದಿದ್ದಾರೆ. ದಿನಕ್ಕೆ ಇಳಿದರೆ ನೋಯುತ್ತದೆ, ಮನಸ್ಸು ಮಾಳಿಗೆಯ ಮೇಲಿಂದಲೇ ನೋಡುತ್ತದೆ. ಕೆಳಗೆ ಎಳೆಯಬೇಡಿ. ಏಣಿ ಇಡಿ: ‘ವಿಚಾರಿಸಬೇಕಿತ್ತು ಎಂದು ನಿನಗೆ ಅನ್ನಿಸಿದ ಒಂದು ದಿನ ಯಾವುದು?’

ಎರಡು, ‘ಆಗಲೇ ಗೊತ್ತಿತ್ತು’. ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರ ತನ್ನ ಪ್ರಯೋಗಕ್ಕೆ 1814ರ ಬ್ರಿಟಿಷ್-ಗೂರ್ಖಾ ಯುದ್ಧವನ್ನು ಆರಿಸಿಕೊಂಡಿದ್ದ. ಯಾರಿಗೆ ಯಾವ ಫಲಿತಾಂಶ ಹೇಳಿದನೋ ಅವರಿಗೆ ಅದೇ ಆಗುವುದಿತ್ತು ಎನ್ನಿಸಿತು. ನೊಂದವರು ಇದೇ ಲೆಕ್ಕವನ್ನು ತಮ್ಮ ಮೇಲೆ ಹೂಡುತ್ತಾರೆ. ಏನಾಯಿತು ಎಂಬುದು ಈಗ ಗೊತ್ತಿರುವುದರಿಂದ ಅಂದೇ ಗೊತ್ತಾಗಬೇಕಿತ್ತು ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಮೂರನೆಯದು ಗೈರುಹಾಜರಿ. ಎಲ್ಲರೂ ಹೇಳುವ ಕಥೆಯಲ್ಲಿ ಒಬ್ಬರು ಮಾತ್ರ ಬಾಯಿ ಬಿಡದಿದ್ದರೆ ಅವರನ್ನು ಗಮನಿಸಿ. ನಾನು ಎಮ್ಮೆಯ ಕಥೆ ಹೇಳುವಾಗಲೆಲ್ಲ ಅವ್ವ ಏನಾದರೊಂದು ಕೆಲಸ ನೆನಪಾಗಿ ಒಳಗೆ ಹೋಗುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮರೆತದ್ದನ್ನು ಹೊರತೆಗೆಯುತ್ತೇವೆ ಎಂದು ಸಮ್ಮೋಹನ ಮಾಡುವವರ ಹತ್ತಿರ ಹೋಗಬೇಡಿ. ಆಘಾತದ ತೊಂದರೆ ಹೆಚ್ಚಿನವರಿಗೆ ಮರೆವಲ್ಲ, ಮರೆಯಲಾಗದಿರುವುದು. ಸೂಚನೆ ಕೊಟ್ಟು ಕೊಟ್ಟು ಬರಿಸಿದ ನೆನಪಿನಲ್ಲಿ ನಿಮ್ಮದೆಷ್ಟು, ಸೂಚಿಸಿದವರದೆಷ್ಟು ಎಂದು ಆಮೇಲೆ ಯಾರೂ ಹೇಳಲಾರರು.

ಹಂತ 6: ತಪ್ಪು ವಿವರಕ್ಕೆ ಏನು ಕೆಲಸವಿತ್ತು?

ಪ್ರೂಫ್ ತಿದ್ದುವವನಿಗೆ ತಪ್ಪು ಕಂಡರೆ ಕೈ ತಡೆಯುವುದಿಲ್ಲ. ಆದರೂ ಈ ಕೆಲಸದಲ್ಲಿ ತಪ್ಪು ಸಿಕ್ಕ ಕೂಡಲೇ ಹೊಡೆದುಹಾಕಬೇಡಿ. ಅದು ಇಷ್ಟು ವರ್ಷ ಅಲ್ಲಿ ಉಳಿದಿದ್ದರೆ ಏನೋ ಒಂದು ಕೆಲಸ ಮಾಡುತ್ತಿರುತ್ತದೆ.

ಅವ್ವನನ್ನು ಕೇಳಿದ್ದು ತಂಗಿಯನ್ನು ಕೇಳಿ ಒಂದು ವರ್ಷದ ಮೇಲೆ. ಅವಳಾಗಿಯೇ ಆ ಮಾತಿಗೆ ಬಂದ ಒಂದು ಮಧ್ಯಾಹ್ನ, ಶೇಂಗಾ ಸುಲಿಯುತ್ತಾ ಕುಳಿತಿದ್ದಾಗ. ನೀರು ಹೊಸ್ತಿಲಿಗೆ ಬಂದಾಗ ಅಪ್ಪ ಮೊಮ್ಮಕ್ಕಳನ್ನು ಮಾಳಿಗೆಗೆ ಏರಿಸುತ್ತಿದ್ದ. ಎಮ್ಮೆ ಬಿಚ್ಚಲು ಹೋದದ್ದು ಅವ್ವ. ಕೊಕ್ಕೆ ಬಿಗಿದುಕೊಂಡಿತ್ತು, ಎಮ್ಮೆ ಹಿಂದಕ್ಕೆ ಜಗ್ಗುತ್ತಿತ್ತು, ಜಗ್ಗಿದಷ್ಟೂ ಕೊಕ್ಕೆ ಬಿಗಿ. ನೀರು ಎದೆಗೆ ಬಂದಾಗ ಅಪ್ಪ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡ. ರಾತ್ರಿಯೆಲ್ಲ ಬೆಳಕಿಂಡಿಯಿಂದ ಸದ್ದು ಕೇಳುತ್ತಿತ್ತಂತೆ, ಒಂದು ಹೊತ್ತಿನಲ್ಲಿ ನಿಂತಿತಂತೆ. ‘ನಾಲ್ಕು ಗಂಟೆಗೇ ಬಿಚ್ಚಿದ್ದರೆ ಆಗುತ್ತಿತ್ತು’ ಎಂದಳು. ನಾಲ್ಕು ಗಂಟೆಗೆ ನೀರು ಹೊಳೆಯಲ್ಲೇ ಇತ್ತು. ಬೆಣ್ಣೆಹಳ್ಳವೂ ಮಲಪ್ರಭೆಯೂ ಒಟ್ಟಿಗೆ ಉಕ್ಕುತ್ತವೆ ಎಂದು ಆ ಹೊತ್ತಿಗೆ ಊರಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಮರುದಿನ ಹೇಗೋ ಫೋನ್ ಸಿಕ್ಕಾಗ ಅಪ್ಪ ನನಗೆ ಹೇಳಿದ್ದು ಒಂದೇ ಮಾತು: ‘ಎಲ್ಲರೂ ಸುಖವಾಗಿದ್ದೇವೆ, ಎಮ್ಮೆ ತೇಲಿಹೋಯಿತು.’ ಅವ್ವ ಪಕ್ಕದಲ್ಲೇ ಇದ್ದಳು. ತೇಲಿಹೋಯಿತು ಎಂಬ ಮಾತನ್ನು ಅಪ್ಪ ಅವಳಿಗಾಗಿ ಹೇಳಿದ್ದ. ತೇಲಿಹೋದ ಎಮ್ಮೆಗೆ ಯಾರೂ ಹೊಣೆಯಲ್ಲ. ಆ ಮಾತನ್ನು ಹಿಡಿದು ನಾನು ನೀರು, ಗುಡಿ, ಅರಳಿದ ಹೊಳ್ಳೆ ಎಲ್ಲವನ್ನೂ ಕಟ್ಟಿದ್ದೆ.

ಆದ್ದರಿಂದ ತಪ್ಪಿನ ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯಿರಿ. ಈ ರೂಪ ಯಾರ ಬಾಯಿಂದ ಮೊದಲು ಬಂತು? ಇದರಿಂದ ಯಾರಿಗೆ ಸಮಾಧಾನವಾಗುತ್ತಿತ್ತು? ಇದನ್ನು ತೆಗೆದರೆ ಯಾರ ಮೇಲೆ ಭಾರ ಬೀಳುತ್ತದೆ? ಎಲ್ಲ ತಪ್ಪುಗಳೂ ಇಷ್ಟು ಒಳ್ಳೆಯ ಮನಸ್ಸಿನವಲ್ಲ. ಆಸ್ತಿ ಪಾಲಿನ ಕಥೆಗಳಲ್ಲಿ ತಪ್ಪು ವಿವರ ಒಬ್ಬರ ಜೇಬಿನ ಕಡೆಗೇ ಹರಿಯುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹೊಡೆದವನನ್ನು ಮರೆಸಲು, ಹೊಡೆತ ತಿಂದವಳನ್ನೇ ಹಟಮಾರಿ ಮಾಡುವ ಕಥೆಗಳೂ ಇವೆ. ಅಂಥಲ್ಲಿ ಕೆಂಪು ಶಾಯಿ ಧಾರಾಳವಾಗಿ ಬಳಸಿ.

ಹಂತ 7: ಅಚ್ಚಿಗೆ ಸುರಿಯಬೇಡಿ

ಚಿಕ್ಕ ಹಂತ. ನಾನು ತಿದ್ದಿದ ಆತ್ಮಕಥೆಗಳಲ್ಲಿ ಬೀದಿ ದೀಪದ ಕೆಳಗೆ ಓದದವರನ್ನು ಹುಡುಕಬೇಕು. ಅಷ್ಟೊಂದು ಬೀದಿ ದೀಪ ಆ ಕಾಲದ ನಮ್ಮ ಹಳ್ಳಿಗಳಲ್ಲಿ ಎಲ್ಲಿದ್ದವು? ಕಷ್ಟ ಬಂತು, ಗೆದ್ದೆ ಎಂಬ ಒಂದು ಅಚ್ಚು, ಚೆನ್ನಾಗಿದ್ದೆ, ಎಲ್ಲ ಹಾಳಾಯಿತು ಎಂಬ ಇನ್ನೊಂದು. ಬದುಕಿನ ಕಥೆಗಳನ್ನು ಅಧ್ಯಯನ ಮಾಡಿದ ಡ್ಯಾನ್ ಮ್ಯಾಕ್‌ಆಡಮ್ಸ್ ಈ ಎರಡನ್ನೂ ಗುರುತಿಸಿ ಹೆಸರಿಟ್ಟಿದ್ದಾರೆ. ನಿಮ್ಮ ಕರಡಿನಲ್ಲಿ ಅಚ್ಚಿಗೆ ಒಗ್ಗದ ಒಂದು ವಿವರವನ್ನಾದರೂ ಹುಡುಕಿ ಉಳಿಸಿ. ನೆರೆ ಸಂತ್ರಸ್ತರ ಗಂಜಿಕೇಂದ್ರದಲ್ಲಿ ತಂಗಿ ಮೊದಲ ಸಲ ಊರಿನ ಹೆಂಗಸರ ಜೊತೆ ಎರಡು ರಾತ್ರಿ ಹರಟೆ ಹೊಡೆದು ನಕ್ಕಳಂತೆ. ಅದನ್ನು ಬರೆಯಲು ಅವಳು ಮೊದಲು ನಾಚಿಕೊಂಡಳು.

ಹಂತ 8: ಎರಡೂ ಉಳಿಯುವಂತೆ ಬರೆಯುವುದು

ಅಂತಿಮ ಪ್ರತಿಯಲ್ಲಿ ಒಂದು ರೂಪವನ್ನು ಗೆಲ್ಲಿಸಿ ಇನ್ನೊಂದನ್ನು ಅಳಿಸಬೇಕಿಲ್ಲ. ‘ನಾನು ಹೀಗೆ ಹೇಳುತ್ತಿದ್ದೆ’, ‘ತಂಗಿ ಹೀಗೆ ಹೇಳುತ್ತಾಳೆ’, ‘ಕಾಗದ ಹೀಗೆ ಹೇಳುತ್ತದೆ’ ಎಂದು ಕರ್ತೃವನ್ನು ಇಟ್ಟು ಬರೆದರೆ ಸಾಕು. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಹಳೆಯ ಕರಡನ್ನು ಹರಿಯಬೇಡಿ, ದಿನಾಂಕದೊಂದಿಗೆ ಕೆಳಗೆ ಇಡಿ.

ಬರೆದದ್ದನ್ನು ಹೊರಗೆ ಕೊಡುವ ಮುನ್ನ ಅದರಲ್ಲಿ ಇರುವವರಿಗೆ ಓದಿ ಹೇಳಿ. ಬೇಡ ಎಂದರೆ ಆ ಪುಟ ಮನೆಯಲ್ಲೇ ಇರಲಿ. ಹಿಂಸೆ ಮಾಡಿದವರಿಗೆ ಓದಿ ಹೇಳುವ ಅಗತ್ಯವಿಲ್ಲ, ಈ ಸೌಜನ್ಯ ಅವರಿಗೆ ಸಲ್ಲದು.

ಅವ್ವನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ತೇಲಿಹೋಯಿತು ಎಂದು ಅಪ್ಪ ಹೇಳಿದ ಮಾತಿನ ಬಳಿ ಬಂದಾಗ ‘ಹೂಂ’ ಎಂದಳು. ಕೊನೆಗೆ, ‘ನೀನು ಅಲ್ಲಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನೀನು ಹೇಳುವಾಗ ಎಮ್ಮೆ ಗುಡಿಯ ತನಕ ಹೋಗುತ್ತಿತ್ತಲ್ಲ, ಹೋಗಲಿ ಎಂದು ಸುಮ್ಮನಿದ್ದೆ’ ಎಂದಳು. ಒಂದು ತಿದ್ದುಪಡಿ ಮಾತ್ರ ಹೇಳಿದಳು. ‘ಹಗ್ಗದ ಕೊಕ್ಕೆ’ ಎಂದು ನಾನು ಬರೆದಿದ್ದೆ. ಹಗ್ಗವಲ್ಲ, ಸರಪಳಿ. ಹಗ್ಗವಾಗಿದ್ದರೆ ಕುಡಗೋಲಿನಿಂದ ಕೊಯ್ಯುತ್ತಿದ್ದೆ ಎಂದಳು.

ಹಗ್ಗವನ್ನು ಹೊಡೆಯದೆ, ಅಂಚಿನಲ್ಲಿ ‘ಸರಪಳಿ, ಅವ್ವ ಹೇಳಿದ್ದು’ ಎಂದು ಬರೆದು ಅಂದಿನ ದಿನಾಂಕ ಹಾಕಿದೆ.